ಚಹಾ ಆರುವಷ್ಟು ಹೊತ್ತು

ಟಿಣ್. ಅಷ್ಟೇ. ಹಿತ್ತಾಳೆ ತಟ್ಟೆಗೆ ಸೂಜಿಯೊಂದು ಬಿದ್ದರೆ ಆಗುವಷ್ಟು ಸಣ್ಣ ಸದ್ದು. ನಡುರಾತ್ರಿ ದಾಟಿತ್ತು. ಕಾಶಕ್ಕನ ಅಂಗಡಿಯ ಮೂಲೆಯಲ್ಲಿ ಚಾಪೆಯ ಮೇಲೆ ಕಣ್ಣು ತೆರೆದುಕೊಂಡೇ ಮಲಗಿದ್ದ ನಾನು ಎದ್ದು ಕುಳಿತೆ. ಬಾಗಿಲಿಗೆ ಹಲಗೆಗಳನ್ನು ಜೋಡಿಸಿ, ನಮ್ಮೂರ ರೂಢಿಯಂತೆ ಒಂದೇ ಒಂದು ಹಲಗೆಯನ್ನು ತೆಗೆದಿಟ್ಟಿದ್ದೆವು. ಆ ಸಂದಿಯ ಮೇಲೆ ತೂಗಿದ ಗಂಟೆ ಇನ್ನೂ ಅಲುಗುತ್ತಿತ್ತು. ಗಾಳಿಗೆ ಅಲುಗಿತೋ ಏನೋ ಎಂದು ಬೆರಳು ಒದ್ದೆ ಮಾಡಿ ಮೇಲೆತ್ತಿ ನೋಡಿದೆ. ಗಾಳಿ ಇರಲಿಲ್ಲ. ಇನ್ನೊಮ್ಮೆ ನೋಡಿದೆ. ಇರಲೇ ಇಲ್ಲ.

“ಕಾಶಕ್ಕಾ, ಏಳು. ಯಾರೋ ಬಂದ್ರು.”

“ಬರ್ಲಿ ಬಿಡು. ಬರೋದೇನ್ ದೊಡ್ಡ ಮಾತು?” ಅವಳು ಕಣ್ಣು ತೆರೆಯದೆಯೇ ಹೇಳಿದಳು. “ಕುಂತ್ರೇನು, ಅದನ್ ಹೇಳು.”

ನಾನು ಬೆಂಚಿನ ಕಡೆ ನೋಡಿದೆ. ಗೋಡೆಗುಂಟ ಹಾಕಿದ ಉದ್ದನೆಯ ಬೆಂಚು, ಅದರ ಮೇಲೆ ಕೆಂಪು ಗಾದಿ. ಬಲಗಡೆಯ ಮೂಲೆಯಲ್ಲಿ ಗಾದಿ ಮೆಲ್ಲಗೆ ಒಳಕ್ಕೆ ಹೋಯಿತು. ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು ತಗ್ಗು ಬಿತ್ತು, ಅಂಗೈಯಷ್ಟು ಚಿಕ್ಕದು.

“ಕುಂತ್ರು! ಜೊತಿಗೆ ಕೂಸೂ ಐತಿ!” ನನ್ನ ದನಿ ಎಷ್ಟು ಮೇಲೆ ಹೋಯಿತೆಂದರೆ ನಾನೇ ಬಾಯಿ ಮುಚ್ಚಿಕೊಂಡೆ.

ಕಾಶಕ್ಕ ಈಗ ಎದ್ದಳು. ಸೆರಗು ಸರಿಮಾಡಿಕೊಂಡು ಬೆಂಚಿನ ಮುಂದೆ ನಿಂತು, “ಬಾ ಯವ್ವಾ, ಕುಂದ್ರು. ಇಷ್ಟೊತ್ತಿನ್ಯಾಗ ಹೊಲ್ಯಾಕ ಕುಂತೀ ಅಂದ್ರ ನಾಳೆ ಮುಂಜಾನೆ ಕೊಡೋದು ಇರಬೇಕು,” ಎಂದಳು. ಬಂದವರಿಗೆ ನಮ್ಮ ಮಾತು ಕೇಳಿಸುವುದಿಲ್ಲ ಎಂದು ಎಲ್ಲರಿಗೂ ಗೊತ್ತು. ಆದರೂ ಮಾತಾಡಿಸದೆ ಇರುವುದು ಹೇಗೆ?

ನಮ್ಮೂರಲ್ಲಿ ಅಂಗಡಿಯ ವೆಬ್‌ಸೈಟಿಗೆ ಬಂದವರು ಅಂಗಡಿಗೇ ಬರುತ್ತಾರೆ. ಹೊರಗಿನವರು ಎಲ್ಲಿ ಕುಳಿತು ತೆರೆದರೂ ಇಲ್ಲಿ ಗಂಟೆ ಬಡಿಯುತ್ತದೆ. ಓದುತ್ತ ಉಳಿದರೆ ಗಾದಿ ತಗ್ಗುತ್ತದೆ. ಪುಟ ಮುಚ್ಚಿದರೆ ಗಾದಿ ಏಳುತ್ತದೆ, ಗಂಟೆ ಮತ್ತೆ ಬಡಿಯುತ್ತದೆ. ಊರಿನವರೇ ತೆರೆದರೆ ಏನೂ ಆಗುವುದಿಲ್ಲ. ಅದನ್ನು ಎಲ್ಲರೂ ಒಂದಲ್ಲ ಒಂದು ಸಲ ಮಾಡಿ ನೋಡಿದವರೇ. ನಾನು ಹುಟ್ಟುವ ಮೊದಲು ಹೇಗಿತ್ತೋ ತಿಳಿಯದು. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಬೇಸಿಗೆಯಲ್ಲಿ ಫ್ಯಾನನ್ನು ಬೆಂಚಿನ ಕಡೆ ತಿರುಗಿಸುತ್ತೇವೆ. ಮಕ್ಕಳು ಬೆಂಚು ಹತ್ತಿದರೆ, “ಏಳೋ, ಗಿರಾಕಿ ತೊಡಿ ಮ್ಯಾಲ ಕುಂತೀಯಲ್ಲೋ!” ಎಂದು ಗದರುತ್ತೇವೆ. ಗಾದಿ ತಗ್ಗಿದೊಡನೆ ಅದರ ಮುಂದೆ ಒಂದು ಗ್ಲಾಸು ಚಹಾ ಇಡುತ್ತೇವೆ.

ಆ ಚಹಾ ಬರೀ ಮರ್ಯಾದೆಗಲ್ಲ. ಪೇಟೆ ಕಮಿಟಿಯ ಲೆಕ್ಕವಿರುವುದು ಅದರಲ್ಲೇ. ಚಹಾ ಆರುವವರೆಗೆ ಕುಳಿತವರು ಗಿರಾಕಿ, ಬಿಸಿ ಇರುವಾಗಲೇ ಎದ್ದವರು ದಾರಿಹೋಕರು. ವರ್ಷಕ್ಕೊಂದು ದಿನ ಪ್ರತಿ ಅಂಗಡಿಯಲ್ಲೂ ಎಣಿಕೆಯಾಗುತ್ತದೆ. ಮುಂಜಾನೆ ಎಂಟರಿಂದ ಸಂಜೆ ಆರರ ಸೈರನ್‌ವರೆಗೆ ನಲವತ್ತು ಗ್ಲಾಸು ಆರಬೇಕು. ಆರದಿದ್ದರೆ ಕಮಿಟಿಯವರು ಬೆಂಚು ಎತ್ತಿಕೊಂಡು ಹೋಗುತ್ತಾರೆ. ಬೆಂಚು ಹೋದ ಅಂಗಡಿ ಹೊರಗಿನವರು ಎಷ್ಟು ಹುಡುಕಿದರೂ ಸಿಗುವುದಿಲ್ಲ.

ಕಾಶಕ್ಕನ ಅಂಗಡಿಯ ಎಣಿಕೆ ಮರುದಿನವಿತ್ತು. ಹೊಲಿಗೆ ಯಂತ್ರ ರಿಪೇರಿಯಲ್ಲಿ ಅವಳನ್ನು ಮೀರಿಸಿದವರಿಲ್ಲ. ಆದರೆ ಊರಲ್ಲಿ ಈಗ ಹೊಲಿಯುವವರೇ ಕಡಿಮೆ. ಹೊರಗಿನವರಿಗೆ ಕೆಳದಾರ ಸುತ್ತುವ ಬಾಬಿನ್, ಬೆಲ್ಟು, ಸೂಜಿ ಪೋಸ್ಟಿನಲ್ಲಿ ಕಳಿಸುವುದೇ ಅವಳ ಜೀವನ. ಬೆಂಚು ಹೋದರೆ ಅದೂ ಹೋದಂತೆ. ಅವಳ ವೆಬ್‌ಸೈಟು ಮಾಡಿದವಳು ನಾನು. ಹಾಳು ಮಾಡಿದವಳೂ ನಾನೇ, ಒಂದಲ್ಲ, ಎರಡು ಸಲ.

ಮೊದಲ ಸಲ ನಾನು ಕಲಿತದ್ದನ್ನೆಲ್ಲ ತುಂಬಿದ್ದೆ. ತೆರೆದೊಡನೆ ಪುಟದ ತುಂಬ ಹೊಳೆಯುವ ಯಂತ್ರದ ಚಿತ್ರ, ಕೆಳಗೆ ‘ಸಮಗ್ರ ಹೊಲಿಗೆ ಪರಿಹಾರಗಳ ವಿಶ್ವಾಸಾರ್ಹ ತಾಣ’ ಎಂಬ ಸಾಲು. ಒಂದೊಂದು ಪದವನ್ನೂ ನಾಲ್ಕು ಸಲ ತೂಗಿ ನೋಡಿ ಬರೆದಿದ್ದೆ. ಒಂದು ತಿಂಗಳು ಗಂಟೆಗೆ ಜೇಡ ಬಲೆ ಕಟ್ಟಿತು. ಚಿತ್ರ ಭಾರವಾಗಿತ್ತು, ಪುಟ ತೆರೆದು ಗಂಟೆ ಬಡಿಯುವ ಮೊದಲೇ ಬಂದವರು ಹೊಸ್ತಿಲಿಂದಲೇ ತಿರುಗುತ್ತಿದ್ದರು. ಆ ಸಾಲನ್ನು ಹುಡುಕಿಕೊಂಡಂತೂ ಜಗತ್ತಿನಲ್ಲಿ ಯಾರೂ ಬರಲಿಲ್ಲ.

ಹೆದರಿದ ನಾನು ಎರಡನೆಯ ಸಲ ಇನ್ನೂ ದೊಡ್ಡ ತಪ್ಪು ಮಾಡಿದೆ. ಮಂದಿ ಹೆಚ್ಚಾಗಿ ಏನು ಹುಡುಕುತ್ತಾರೆ ಎಂದು ನೋಡಿ, ‘ಮದುವೆ ಬ್ಲೌಸ್ ಡಿಸೈನ್’, ‘ಹೊಸ ಲೆಹೆಂಗಾ’ ಎಂಬ ಪದಗಳನ್ನು ಪುಟದ ತುಂಬ ಚೆಲ್ಲಿದೆ. ಮರುವಾರ ಜಾತ್ರೆಯೇ ಬಂತು. ಗಂಟೆ ಬಡಿದು ಬಡಿದು ಕೊಂಡಿ ಕಳಚಿ ಬಿತ್ತು. ಪಕ್ಕದ ಅಂಗಡಿಯವರು ಹೊರಗೆ ಬಂದು ನೋಡಿದರು. ನಾನು ಕುಣಿಯುವುದೊಂದೇ ಬಾಕಿ! ಆದರೆ ಬೆಂಚಿನ ಮೇಲೆ ಒಬ್ಬರೂ ಕೂರಲಿಲ್ಲ. ಬ್ಲೌಸ್ ನೋಡಲು ಬಂದವರಿಗೆ ಎಣ್ಣೆ ಡಬ್ಬಿ ಕಂಡರೆ ಕೂರುತ್ತಾರೆಯೆ? ಗಾದಿ ಅರ್ಧ ತಗ್ಗುವಷ್ಟರಲ್ಲೇ ಏಳುತ್ತಿತ್ತು. ಇಟ್ಟ ಚಹಾ ಎಲ್ಲ ಬಿಸಿಬಿಸಿಯಾಗಿ ಉಳಿಯುತ್ತಿತ್ತು. ಅದನ್ನು ಚೆಲ್ಲಲು ಮನಸ್ಸಾಗದೆ ಕಾಶಕ್ಕ ತಾನೇ ಕುಡಿದಳು.

“ಎಂಟು ದಿನ ಆತು, ಕಣ್ಣಿಗೆ ನಿದ್ದಿ ಹತ್ತವಲ್ದು,” ಎಂದಳು. “ನಿನ್ನ ಗಿರಾಕಿಗೋಳು ನನ್ನ ಚಾ ಕುಡಿಸಿ ಕೊಲ್ಲಾಕ ಬಂದಾರೇನಂತ?”

ನಾನು ಅತ್ತೆ. ಅವಳು ಅಳಲು ಬಿಡಲಿಲ್ಲ. “ಒಂದ್ ದಿನ ಸುಮ್ನ ಇಲ್ಲಿ ಕುಂದ್ರು. ಫೋನ್ ಬಂದ್ರ ಕೇಳಿಸ್ಕೋ,” ಎಂದಳು. ಹಳೆಯ ಗಿರಾಕಿಗಳು ದಿನಕ್ಕೆ ಏಳೆಂಟು ಮಂದಿ ಫೋನ್ ಮಾಡುತ್ತಿದ್ದರು. ಅವರಲ್ಲಿ ಒಬ್ಬರ ಬಾಯಲ್ಲೂ ‘ಪರಿಹಾರ’ ಎಂಬ ಪದ ಬರಲಿಲ್ಲ. “ಅಕ್ಕಾ, ದಾರ ಕೆಳಗ ಗಂಟ್ ಗಂಟ್ ಆಗಾಕತ್ತೈತ್ರೀ.” “ಸೂಜಿ ಪಟಪಟ ಮುರೀತಾವ್ರೀ.” “ಒಂದ್ ಹೊಲಿಗಿ ಬೀಳ್ತೈತಿ, ಒಂದ್ ಬೀಳಂಗಿಲ್ಲ.” ಆಗ ನನಗೆ ಹೊಳೆಯಿತು. ಹುಡುಕುವವರು ಹುಡುಕುವುದು ತಮ್ಮ ನೋವನ್ನು, ನಮ್ಮ ಹೆಸರನ್ನಲ್ಲ! ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡೆ. ಒಂದೊಂದು ತೊಂದರೆಗೂ ಒಂದೊಂದು ಪುಟ, ಅವರ ಮಾತೇ ಪುಟದ ತಲೆಬರಹ. ಹೊಳೆಯುವ ಚಿತ್ರ, ಬ್ಲೌಸಿನ ಪದಗಳು ಎಲ್ಲವನ್ನೂ ಕಿತ್ತು ಹಾಕಿದೆ. ಎಣ್ಣೆ ಹತ್ತಿದ ಕಾಶಕ್ಕನ ಕೈಯ ಚಿಕ್ಕ ಫೋಟೋ ಇಟ್ಟೆ.

ಜಗಳವಾದದ್ದು ಉತ್ತರವನ್ನು ಎಲ್ಲಿ ಇಡಬೇಕು ಎಂಬುದರ ಮೇಲೆ. ಉತ್ತರವನ್ನು ಪುಟದ ಕೊನೆಗೆ ಇಡು, ಮೇಲೆ ಕಥೆ ಹೇಳು, ಅದನ್ನು ದಾಟಿ ಬರುವಷ್ಟರಲ್ಲಿ ಚಹಾ ಆರುತ್ತದೆ. ವೆಬ್‌ಸೈಟು ಮಾಡುವ ನಮ್ಮ ಕಸುಬಿನಲ್ಲಿ ಎಲ್ಲರೂ ಮಾಡುವುದೇ ಇದು. ನಾನೂ ಹಾಗೆಯೇ ಬರೆದಿದ್ದೆ: ಹೊಲಿಗೆಯ ಇತಿಹಾಸ, ದಾರದ ಮಹತ್ವ, ಕೊನೆಯಲ್ಲಿ ಉತ್ತರ.

ಕಾಶಕ್ಕ ಕನ್ನಡಕ ಹಾಕಿಕೊಂಡು ಎಲ್ಲ ಓದಿದಳು. “ಇಂದೂ,” ಎಂದಳು. ಅವಳು ನನ್ನ ಹೆಸರು ಹಿಡಿದು ಕರೆಯುವುದು ಬೈಯುವಾಗ ಮಾತ್ರ. “ಆಕಿ ಅಂಗಿ ಅರ್ಧ ಹೊಲದು ನಿಂತೈತಿ. ಮುಂದ ಗಿರಾಕಿ ಕುಂತಾಳ. ಅಂಥಾಕಿನ್ನ ಕೂಡ್ರಿಸಿಕೊಂಡು ಪುರಾಣ ಹೇಳ್ತೀಯೇನು?”

“ಮೊದಲೇ ಹೇಳಿಬಿಟ್ರ ಎದ್ದು ಹೋಗ್ತಾರಕ್ಕಾ. ಚಾ ಆರಂಗಿಲ್ಲ. ಬೆಂಚು ಹೋಕ್ಕೈತಿ.”

“ಹೋದ್ರ ಹೋಗ್ಲಿ. ಬಾಯಾರಿ ಬಂದಾಕಿಗೆ ನೀರ್ ತೋರ್ಸಿ ಓಡಾಡ್ಸೋದು ನನ್ನ ಕೈಲಿ ಆಗಂಗಿಲ್ಲ.”

ಹಾಗಾಗಿ ಉತ್ತರ ಮೊದಲ ಸಾಲಿಗೇ ಬಂತು: ‘ಗಂಟು ಕೆಳಗಿದ್ದರೂ ತಪ್ಪು ಮೇಲಿದೆ. ಬಟ್ಟೆ ಒತ್ತುವ ಪಾದ ಎತ್ತಿ, ಮೇಲಿನ ದಾರವನ್ನು ಬಿಚ್ಚಿ ಮತ್ತೊಮ್ಮೆ ಪೋಣಿಸಿ.’ ನಾನು ಹಟ ಹಿಡಿದು ಪುಟದ ಕೊನೆಗೆ ಮೂರು ಸಾಲು ಮಾತ್ರ ಉಳಿಸಿಕೊಂಡೆ, ಅವನ್ನೂ ಕಾಶಕ್ಕನ ಬಾಯಿಂದಲೇ ಬರೆಸಿಕೊಂಡೆ: ‘ಈಗ ಹೋಗಿ ಮಾಡಿ ನೋಡ್ರಿ. ಚಲೋ ಬಂದ್ರ, ಇನ್ನೊಮ್ಮೆ ಹಿಂಗ ಆಗದಂಗ ಏನ್ ಮಾಡಬೇಕು ಅಂತ ಇಲ್ಲಿ ಹೇಳೇನಿ. ಬರಲಿಲ್ಲಂದ್ರ, ಬಾಬಿನ್ ತಗದು ಇಲ್ಲಿ ಬರ್ರಿ.’ ಎರಡೂ ‘ಇಲ್ಲಿ’ ಒತ್ತಿದರೆ ಒಂದೊಂದು ಹೊಸ ಪುಟ ತೆರೆಯುತ್ತಿತ್ತು. ಹೊಸ ಪುಟಗಳು ಹುಡುಕುವವರ ಕಣ್ಣಿಗೆ ಬೀಳಲು ಎಂಟು ಹತ್ತು ದಿನ ಬೇಕು. ಒಂಬತ್ತು ದಿನ ಗಂಟೆ ಮೂಕವಾಗಿತ್ತು. ಹತ್ತನೆಯ ದಿನ, ಎಣಿಕೆಯ ಹಿಂದಿನ ರಾತ್ರಿ, ಟಿಣ್ ಎಂದಿತು.

ಆ ರಾತ್ರಿ ಬಂದ ತಾಯಿಯ ಮುಂದೆ ಕಾಶಕ್ಕ ಚಹಾ ಇಟ್ಟಳು. ಗ್ಲಾಸಿನಿಂದ ಹಬೆ ಏಳುತ್ತಲೇ ಇತ್ತು, ಗಾದಿ ಟಪ್ಪನೆ ಮೇಲೆದ್ದಿತು. ಹಿಂದೆಯೇ ಚಿಕ್ಕ ತಗ್ಗೂ ಮಾಯವಾಯಿತು. ಗಂಟೆ ಬಡಿಯಿತು. ನಾನು ಗ್ಲಾಸಿಗೆ ಬೆರಳು ಅದ್ದಿದೆ. ಸುಡುತ್ತಿತ್ತು.

“ಹೋತು,” ಎಂದೆ.

“ಹೆಂಗ್ ಎದ್ಲು ನೋಡಿದಿಲ್ಲ? ಟಪ್ ಅಂತ!” ಕಾಶಕ್ಕನ ಮುಖ ಅರಳಿತ್ತು. “ಬ್ಯಾಸತ್ತು ಏಳೋರು ಹಿಂಗ ಏಳಂಗಿಲ್ಲ. ಗಾದಿ ಹಿಡಕೊಂಡು ತೆವಳಿದಂಗ ಏಳ್ತಾರ. ಆಕಿ ಓಡಿ ಹೋದ್ಲು. ಈಗ ದಾರ ಪೋಣಿಸಾಕತ್ತಿರ್ತಾಳ.” ಅವಳು ಆ ಬಿಸಿ ಚಹಾ ಕುಡಿದು ನಿಶ್ಚಿಂತೆಯಿಂದ ಮಲಗಿದಳು. ನಾನು ಬೆಳಗಿನವರೆಗೆ ಗಾದಿಯನ್ನು ಕಾದೆ.

ಎಂಟಕ್ಕೆ ಸರಿಯಾಗಿ ಚಹಾ ನೋಡುವ ದಾವಲಸಾಬರು ಬಂದರು. ಇಪ್ಪತ್ತು ವರ್ಷದಿಂದ ಕಮಿಟಿಯ ಎಣಿಕೆ ಅವರದೇ. ಕೈಯಲ್ಲಿ ಪಾಟಿ, ಕಿವಿಯ ಮೇಲೆ ಬಳಪ. ಬಲಗೈಯ ತೋರುಬೆರಳನ್ನು ಅವರು ಯಾವುದಕ್ಕೂ ಬಳಸುವುದಿಲ್ಲ, ಊಟಕ್ಕೆ ಸಹ; ಅದು ಚಹಾ ಮುಟ್ಟುವ ಬೆರಳು.

“ದಾವಲಣ್ಣ, ಉಪ್ಪಿಟ್ಟು ತಿಂತೀಯೇನು?” ಎಂದಳು ಕಾಶಕ್ಕ.

“ಎಣಿಕಿ ದಿನ ಯಾರ ಅಂಗಡಿದೂ ತಿನ್ನಂಗಿಲ್ಲವ್ವ.”

“ಮತ್ತ ಮನಸ್ಸಿನ್ಯಾಗರ ಸ್ವಲ್ಪ ಮರುಕ ಇಟ್ಕೋ.”

“ನನ್ನ ಕೆಲಸ ಚಾ ನೋಡೋದು. ಮನಸು ನೋಡೋದಲ್ಲ,” ಎಂದು ಅವರು ಬಾಗಿಲ ಬಳಿ ಸ್ಟೂಲು ಹಾಕಿಕೊಂಡರು.

ಒಂಬತ್ತರ ಹೊತ್ತಿಗೆ ಗಂಟೆ ಶುರುವಾಯಿತು. ಟಿಣ್, ಟಿಣ್! ಬಂದವರೆಲ್ಲ ಕೂರುತ್ತಿದ್ದರು! ಬೆಂಚಿನುದ್ದಕ್ಕೂ ತಗ್ಗುಗಳು ಬಿದ್ದವು, ದಪ್ಪನೆಯವು, ಸಣಕಲು, ಒಂದು ತುದಿಯಲ್ಲಿ ಮಾತ್ರ ಕುಳಿತ ಸಂಕೋಚದ್ದು. ನಾನು ಕೆಟ್ಲಿ ಹಿಡಿದು ಓಡಾಡಿದೆ. ಅವಸರಕ್ಕೆ ಚಹಾ ತಟ್ಟೆಗೆ ಚೆಲ್ಲುತ್ತಿತ್ತು. ಆದರೆ ನಾನು ಹೆದರಿದ್ದೇ ಆಯಿತು. ಟಪ್, ಟಪ್, ಟಪ್. ಉತ್ತರ ಸಿಕ್ಕಿದವರೆಲ್ಲ ಎದ್ದು ಓಡುತ್ತಿದ್ದರು. ದಾವಲಸಾಬರು ಬೆರಳು ಅದ್ದಿ, “ಬಿಸಿ. ಬಿಸಿ. ಇದೂ ಬಿಸಿ,” ಎನ್ನುತ್ತ ಹೋದರು. ಹನ್ನೆರಡಕ್ಕೆ ಪಾಟಿಯ ಮೇಲೆ ಆರೇ ಆರು ಗೆರೆ.

“ಉತ್ತರ ಕೆಳಗಿಡ್ತೀನಿ ಅಕ್ಕಾ,” ಎಂದು ನಾನು ಹಿಂದಿನ ಕೋಣೆಯಲ್ಲಿ ಅವಳ ಕೈ ಹಿಡಿದುಕೊಂಡೆ. “ಐದು ನಿಮಿಷದ ಕೆಲಸ. ಇವತ್ತೊಂದಿನ. ನಾಳೆ ಮತ್ತ ಮ್ಯಾಲೆ ತರ್ತೀನಿ.”

ಅವಳ ಕಣ್ಣು ಬೆಂಚಿನ ಕಡೆ ಹೋಯಿತು. ಅವಳಿಗೂ ಭಯವಿದೆ ಎಂದು ನನಗೆ ಆಗ ಗೊತ್ತಾಯಿತು. “ಬ್ಯಾಡ,” ಎಂದಳು. “ಇವತ್ತ ಬಂದಾಕಿ ಏನ್ ಪಾಪ ಮಾಡ್ಯಾಳ?”

ಅಷ್ಟರಲ್ಲಿ ಗಂಟೆ ಬಡಿಯಿತು. ನಾನು ಕೆಟ್ಲಿ ಹಿಡಿದು ಹೊರಗೆ ಬಂದೆ. ಬಲಗಡೆಯ ಮೂಲೆ, ದೊಡ್ಡ ತಗ್ಗು, ಅದರ ಪಕ್ಕದಲ್ಲಿ ಅಂಗೈಯಷ್ಟು ಚಿಕ್ಕದು.

“ಅಕ್ಕಾ! ರಾತ್ರಿ ಬಂದಾಕಿ! ಆಕಿನ! ತಿರುಗಿ ಬಂದಾಳ!”

ಕಾಶಕ್ಕ ಓಡಿ ಬಂದಳು. ನಾವಿಬ್ಬರೂ ಆ ಗಾದಿಯನ್ನು ನೋಡುತ್ತ ನಿಂತೆವು. ಚಹಾದ ಹಬೆ ತೆಳುವಾಯಿತು. ಆಕೆ ಏಳಲಿಲ್ಲ. ‘ಇನ್ನೊಮ್ಮೆ ಹಿಂಗ ಆಗದಂಗ’ ಎಂಬ ಪುಟವನ್ನು ಓದುತ್ತಿದ್ದಿರಬೇಕು. ಹಬೆ ನಿಂತಿತು, ಚಹಾದ ಮೇಲೆ ಕೆನೆ ಕಟ್ಟಿತು. ಕೂಸು ಮಾತ್ರ ಗಾದಿಯ ಮೇಲೆ ಅತ್ತಿಂದಿತ್ತ ಉರುಳುತ್ತಿತ್ತು. ದಾವಲಸಾಬರು ಬೆರಳು ಅದ್ದಿದರು.

“ಆರೈತಿ. ಏಳನೇದು.”

“ಕೂಸಿಂದೂ ಒಂದು ಎಣಸಣ್ಣ,” ಎಂದಳು ಕಾಶಕ್ಕ.

“ಕೂಸು ಚಾ ಕುಡಿಯಂಗಿಲ್ಲ.”

“ಮತ್ತ ಬಂದಾಕಿನ ತಿರುಗಿ ಬಂದ್ರ?” ಎಂದೆ ನಾನು, ಉಸಿರು ಹಿಡಿದು.

“ನಾ ಮಂದಿ ಎಣಸಂಗಿಲ್ಲ ತಂಗಿ. ಚಾ ಎಣಸ್ತೀನಿ.”

ಆಮೇಲೆ ನಡೆದದ್ದನ್ನು ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ. ಬೆಳಿಗ್ಗೆ ಓಡಿಹೋದವರು ಒಬ್ಬೊಬ್ಬರಾಗಿ ತಿರುಗಿ ಬರತೊಡಗಿದರು! ಆ ದಪ್ಪನೆಯ ತಗ್ಗು, ಆ ಸಣಕಲು, ತುದಿಯಲ್ಲಿ ಕುಳಿತ ಸಂಕೋಚದ ಹೆಂಗಸು. ಈಗ ಆಕೆ ಗಾದಿಯ ನಡುವಿಗೆ ಬಂದು ಆರಾಮಾಗಿ ಕುಳಿತಿದ್ದಳು. ಹೇಳಿದಂತೆ ಮಾಡಿ ನೋಡಿದ್ದರು, ಹೊಲಿಗೆ ಬಂದಿತ್ತು. ಈಗ ಸೂಜಿಯ ಪುಟ, ಎಣ್ಣೆಯ ಪುಟ, ಬೆಲ್ಟಿನ ಪುಟ ಎಂದು ಒಂದರಿಂದ ಒಂದಕ್ಕೆ ಹೋಗುತ್ತ ಏಳುವುದನ್ನೇ ಮರೆತಿದ್ದರು. ಹದಿನಾಲ್ಕು, ಹತ್ತೊಂಬತ್ತು, ಇಪ್ಪತ್ತಾರು. ಬೆಂಚು ತುಂಬಿ, ನಿಂತವರ ಭಾರಕ್ಕೆ ಬಾಗಿಲ ಬಳಿಯ ನೆಲದ ಹಲಗೆ ಕಿರ್ರೆಂದಿತು. ಪಕ್ಕದ ಅಂಗಡಿಯಿಂದ ಗ್ಲಾಸು ಕಡ ತಂದೆ. ಕಾಶಕ್ಕ, “ಸರಕೋರ್ರೆವ್ವಾ, ಹೊಂದಕೊಂಡು ಕುಂದರ್ರಿ,” ಎಂದು ಕಾಣದವರನ್ನು ಸರಿಸುತ್ತಿದ್ದಳು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ.

ಐದೂವರೆಗೆ ಮೂವತ್ತೊಂಬತ್ತು. ಆಮೇಲೆ ಗಂಟೆ ನಿಂತಿತು. ಸಂಜೆಯ ಅಡುಗೆಯ ಹೊತ್ತು, ಯಾರು ಬರುತ್ತಾರೆ? ಬೆಂಚು ಖಾಲಿಯಾಯಿತು. ಗಡಿಯಾರದ ಮುಳ್ಳನ್ನು ನೋಡಬಾರದೆಂದುಕೊಂಡರೂ ನೋಡಿದೆ. ಆರಕ್ಕೆ ಏಳು ನಿಮಿಷವಿದ್ದಾಗ, ಟಿಣ್.

ಬಲಗಡೆಯ ಮೂಲೆ. ದೊಡ್ಡ ತಗ್ಗು, ಚಿಕ್ಕ ತಗ್ಗು.

ನಾನು ಚಹಾ ಸುರಿದು ಇಟ್ಟೆ. ಕಾಶಕ್ಕನಿಗೆ ನೋಡಲಾಗಲಿಲ್ಲ. “ನಾ ನೋಡಂಗಿಲ್ಲ, ನೀನ ನೋಡಿ ಹೇಳು,” ಎಂದು ಗೋಡೆಗೆ ಮುಖ ಮಾಡಿ ನಿಂತು ಸೆರಗಿನಿಂದ ಕಣ್ಣು ಮುಚ್ಚಿಕೊಂಡಳು. ಆರಕ್ಕೆ ಐದು ನಿಮಿಷ. ನಾಲ್ಕು. ಹಬೆ ಏಳುತ್ತಲೇ ಇತ್ತು. ದಾವಲಸಾಬರು ಪಾಟಿ ಹಿಡಿದು ಬೆಂಚಿನ ಮುಂದೆ ಬಾಗಿ ಕುಳಿತಿದ್ದರು. ಮೂರು. ಟಪ್! ದೊಡ್ಡ ತಗ್ಗು ಮೇಲೆದ್ದಿತು. ಕೂಸು ಒಮ್ಮೆ ಗಾದಿಯ ಮೇಲೆ ಜಿಗಿದು ಹೋಯಿತು. ಗಂಟೆ ಎಷ್ಟು ಮೆಲ್ಲಗೆ ಬಡಿಯಿತೆಂದರೆ ಗೋಡೆಯ ಕಡೆ ತಿರುಗಿದ ಕಾಶಕ್ಕನಿಗೆ ಅದು ಕೇಳಿಸಿರಲಾರದು. ಕೂಸಿನ ತಾಯಿಗೆ ಬೇಕಾದ ಉತ್ತರ ಸಿಕ್ಕಿತ್ತು, ಅಷ್ಟೇ. ನಾವೇ ಮೊದಲ ಸಾಲಿನಲ್ಲಿ ಇಟ್ಟ ಉತ್ತರ.

ಗಾದಿ ಸಪಾಟಾಗಿತ್ತು. ಚಹಾ ಹಬೆಯಾಡುತ್ತಿತ್ತು.

ದಾವಲಸಾಬರು ಗಾದಿಯನ್ನು ನೋಡಿದರು. ಕೂಸು ಜಿಗಿದ ಜಾಗವನ್ನು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ತೋರುಬೆರಳನ್ನು ಗ್ಲಾಸಿಗೆ ಅದ್ದಿದರು, ತುದಿಯನ್ನಲ್ಲ, ಎರಡನೆಯ ಗೆಣ್ಣಿನವರೆಗೆ. ತೆಗೆಯಲಿಲ್ಲ. ಅವರ ಕಣ್ಣಲ್ಲಿ ನೀರಾಡಿತು. ದನಿ ಮಾತ್ರ ದಿನವಿಡೀ ಇದ್ದಂತೆಯೇ ಇತ್ತು.

“ಆರೈತಿ. ನಲವತ್ತು.”

ಬೆರಳು ಹೊರತೆಗೆದು ಎಡಗೈಯಿಂದ ಗೆರೆ ಎಳೆದರು. ಸೈರನ್ ಕೂಗಿತು. ಕಾಶಕ್ಕ ತಿರುಗಿ, “ಹೌದಾ? ಖರೇನಾ?” ಎಂದು ನನ್ನನ್ನು ತಬ್ಬಿ ಎತ್ತಿ ಒಂದು ಸುತ್ತು ತಿರುಗಿಸಿದಳು. ಆಮೇಲೆ ಬೆಂಚಿನ ಕಡೆ ಕೈ ಚಾಚಿದಳು. “ಆ ಚಾ ನಾನ ಕುಡೀಬೇಕು. ನಲವತ್ತನೇದು! ಆರಿದ್ರೂ ಅಮೃತ!”

ಅವಳ ಕೈ ಗ್ಲಾಸಿಗೆ ತಾಗುವ ಮೊದಲೇ ನಾನು ಅದನ್ನು ಕಿತ್ತುಕೊಂಡು ಒಂದೇ ಗುಟುಕಿಗೆ ಗಂಟಲಿಗೆ ಸುರಿದುಕೊಂಡೆ. ನಾಲಿಗೆ, ಅಂಗುಳ, ಎದೆಯವರೆಗೆ ಬೆಂಕಿ ಇಳಿಯಿತು.

“ಏನ್ ಹೊಟ್ಟಿಬಾಕಿ ಇದ್ದೀಯೇ!” ಕಾಶಕ್ಕ ನಕ್ಕಳು. “ಹೆಂಗಿತ್ತು?”

ನನಗೆ ಮಾತು ಹೊರಡಲಿಲ್ಲ. ತಣ್ಣಗಿತ್ತು ಎಂದು ಕೈಯಲ್ಲೇ ತೋರಿಸಿ ತಲೆಯಾಡಿಸಿದೆ. ಹಿತ್ತಿಲಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು. ನಾನು ಬಾಯಿ ಮುಕ್ಕಳಿಸುವ ನೆಪದಲ್ಲಿ ಹೋದೆ. ದಾವಲಸಾಬರು ಧಾರೆಯ ಕೆಳಗೆ ಬೆರಳು ಹಿಡಿದು ನಿಂತಿದ್ದರು. ಬೆರಳು ಕೆಂಪಗೆ ಉಬ್ಬಿತ್ತು. ನನ್ನ ಮುಖ ನೋಡಿ ಅವರಿಗೆ ಎಲ್ಲ ತಿಳಿಯಿತು. ಸ್ವಲ್ಪ ಸರಿದು ನಲ್ಲಿಯಲ್ಲಿ ನನಗೂ ಜಾಗ ಮಾಡಿಕೊಟ್ಟರು. ನಾನು ಬೊಗಸೆಯೊಡ್ಡಿ ತಣ್ಣೀರು ಬಾಯಿಗೆ ತುಂಬಿಕೊಂಡೆ. ಒಳಗೆ ಕಾಶಕ್ಕ ಖಾಲಿ ಬೆಂಚಿಗೆ ಉಪ್ಪಿಟ್ಟು ಬಡಿಸುತ್ತೇನೆಂದು ಗಲಾಟೆ ಮಾಡುತ್ತಿದ್ದಳು. ಗಂಟೆ ಮತ್ತೆ ಬಡಿಯಿತು, ಎಣಿಕೆ ಮುಗಿದ ಮೇಲೆ, ಇನ್ಯಾರೋ. ಬಾಯಿ ತುಂಬ ನೀರು ಹಿಡಿದು ಅಲ್ಲಿ ನಿಂತೇ ನಾನು ನಿರ್ಧರಿಸಿದೆ: ಆ ಚಹಾ ಆರಿರಲಿಲ್ಲ ಎಂದು ಕಾಶಕ್ಕನಿಗೂ ಹೇಳುವುದಿಲ್ಲ, ಊರಲ್ಲಿ ಯಾರೊಬ್ಬರಿಗೂ ಇಲ್ಲ.